ಸಾಹೇಬರ ಮೂವತ್ತೆಂಟು ಲಿಂಕುಗಳು

ಗ್ರಂಥಾಲಯದ ವಿಚಾರಣೆ ಮೇಜಿನಲ್ಲಿ ಒಂಬತ್ತು ವರ್ಷದಿಂದ ನಾನು ತಾತ್ಕಾಲಿಕ. ಮೇಜು ಖಾಯಂ, ಕುರ್ಚಿ ಖಾಯಂ, ಕುರ್ಚಿಯ ಕುಂಟು ಕಾಲೂ ಖಾಯಂ. ಕೂತವಳು ಮಾತ್ರ ಅಲ್ಲ. ನನ್ನನ್ನು ಖಾಯಂ ಮಾಡುವ ಫೈಲಿನ ಬಗ್ಗೆ ಕೇಳಿದಾಗಲೆಲ್ಲ ನಮ್ಮ ಗ್ರಂಥಪಾಲಕ ಸಾಹೇಬರು ಗಂಟಲಲ್ಲಿ ಕಫ ಇಟ್ಟುಕೊಂಡೇ, "ಮೇಲೆ ಹೋಗಿದೆಯಮ್ಮಾ, ಮೇಲೇ ಇದೆ" ಅನ್ನುತ್ತಿದ್ದರು. ಅದನ್ನೇ ನಾನು ಅವರ ದನಿಯಲ್ಲಿ ಹೇಳಿದರೆ ಬೈಂಡಿಂಗ್ ಅಣ್ಣ ಅಂಟಿನ ಕುಂಚ ಕೆಳಗಿಟ್ಟು ನಗುತ್ತಿದ್ದ. "ಮೇಲೆ ಹೋದವರು ಯಾರಾದ್ರೂ ವಾಪಸ್ ಬಂದಿದ್ದಾರೇನೇ ತಂಗೀ?"

ಮಾರ್ಚ್‌ನಲ್ಲಿ ಓದುಗರಿಗಾಗಿ ಒಂದು ಜಾಲತಾಣದಲ್ಲಿ ಗ್ರಂಥಾಲಯದ ಖಾತೆ ತೆರೆದೆ. ಒಳ್ಳೆಯ ಪುಟಗಳ ಲಿಂಕನ್ನು ಅಲ್ಲಿ ಎತ್ತಿಟ್ಟರೆ ಎಲ್ಲರಿಗೂ ಸಿಗುತ್ತದೆ. ಅದೇ ಪುಟವನ್ನು ಬೇರೆ ಯಾರು ಎತ್ತಿಟ್ಟಿದ್ದಾರೆ ಅನ್ನುವುದೂ ಕಾಣುತ್ತದೆ. ನನ್ನ ಸ್ವಂತ ಖಾತೆ ಆಗಲೇ ಇತ್ತು: ಮಗಳ ಗಣಿತ, ಅಮ್ಮನ ಮಂಡಿನೋವು, ಸೋರುವ ನಲ್ಲಿ. ಅದನ್ನು ನೋಡಿ ತಮಗೂ ಒಂದು ಖಾತೆ ಬೇಕೆಂದು ಸಾಹೇಬರಿಗೆ ಆಸೆಯಾಯಿತು. ಪಕ್ಕದಲ್ಲಿ ಕೂತು ಕಲಿಸಿದೆ.

"ಟ್ಯಾಗ್ ಅಂದ್ರೆ ವಿಷಯದ ಚೀಟಿ. ಅದಿಲ್ಲದ ಲಿಂಕು ತಪ್ಪು ಕಪಾಟಿಗೆ ಹೋದ ಪುಸ್ತಕದ ಹಾಗೆ ಸಾರ್, ಇದ್ದೂ ಇಲ್ಲ. ಯಾಕೆ ಇಟ್ರಿ ಅಂತ ಕೆಳಗೆ ಒಂದು ಸಾಲೂ ಬರೀರಿ. ಆಮೇಲೆ ನಿಮಗೇ ಮರೆತುಹೋಗುತ್ತೆ."

ಮೂವತ್ತು ವರ್ಷ ಪುಸ್ತಕ ವರ್ಗೀಕರಿಸಿದ ಕೈ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಓದುಗರ ಪ್ರಶ್ನೆಗಳಿಗೆ ಉತ್ತರಿಸುವುದರ ಬಗ್ಗೆ ಒಂದು ಲೇಖನ ಸಿಕ್ಕಿತು. ಎತ್ತಿಟ್ಟೆ. "ಇದನ್ನು ಇನ್ನೊಬ್ಬರು ಉಳಿಸಿದ್ದಾರೆ" ಅಂತ ಬಂತು. ಒತ್ತಿದರೆ ಸಾಹೇಬರು! ಶಿಷ್ಯ ಪಳಗಿದರಲ್ಲ ಅಂತ ಹಿಗ್ಗಿ ಅವರ ಟ್ಯಾಗ್ ನೋಡಿದೆ: "ವಿಚಾರಣೆ ಮೇಜು ರದ್ದು". ಅದರಡಿ ಮೂವತ್ತೆಂಟು ಲಿಂಕು. ಮೊದಲನೆಯದರ ಕೆಳಗೆ ಅಚ್ಚುಕಟ್ಟಾದ ಟಿಪ್ಪಣಿ: "ಮೇಜಿನ ಬದಲು ಯಂತ್ರ ಸಾಕು. ಆಕೆಯ ಖಾಯಂ ಫೈಲು ನನ್ನ ಡ್ರಾಯರಿನಲ್ಲೇ ಇರಲಿ. ಡಿಸೆಂಬರ್‌ವರೆಗೆ ಆಕೆಗೆ ತಿಳಿಯುವುದು ಬೇಡ."

ತಾರೀಖು ನೋಡಿದೆ. ನಾನು ಕಲಿಸಿದ ಮರುದಿನ. ಗುರುವಿಗೇ ತಿರುಮಂತ್ರ.

ಅಣ್ಣ ಹಿಂದೆ ನಿಂತು ಓದಿದ. "ಮೇಲೆ ಎಲ್ಲಿ ಹೋಯ್ತೇ? ಆ ಡ್ರಾಯರು ಅವರ ಮೊಣಕಾಲಿನ ಹತ್ರ ಇರೋದು" ಅಂದ. ಇಬ್ಬರಿಗೂ ನಗು ಬರಲಿಲ್ಲ.

ನೇರ ಸಾಹೇಬರ ಕೋಣೆಗೆ ಹೋದೆ.

"ಫೈಲು ಡ್ರಾಯರಿನಲ್ಲಿದೆಯಂತೆ ಸಾರ್."

"ಯಾರಮ್ಮಾ ಹೇಳಿದ್ದು?"

"ನೀವೇ ಬರೆದಿದ್ದೀರಿ. ಯಾರು ಬೇಕಾದ್ರೂ ಓದಬಹುದು." ಅವರ ಕಂಪ್ಯೂಟರಿನಲ್ಲೇ ತೆಗೆದು ತೋರಿಸಿದೆ.

ಕನ್ನಡಕ ಏರಿಸಿ ತಮ್ಮ ಸಾಲನ್ನು ತಾವೇ ಎರಡು ಸಲ ಓದಿಕೊಂಡರು. ಗದರುತ್ತಾರೆ ಅಂದುಕೊಂಡೆ, ಒಂದು ಕ್ಷಣ, ನಾಚಿಕೊಳ್ಳುತ್ತಾರೆ ಅಂತಲೂ.

"ಮೇಜು ತೆಗೆಯೋದಕ್ಕೆ ಗ್ರಂಥಾಲಯ ಕಮಿಟಿ ಆಗಲೇ ಒಪ್ಪಿಬಿಟ್ಟಿದೆಯಮ್ಮಾ. ನನ್ನ ಕೈಯಲ್ಲಿ ಏನಿದೆ?" ಅಂದರು. ಆಮೇಲೆ ದನಿ ತಗ್ಗಿಸಿ, "ಅಲ್ಲಾ, ಇದು ಬೇರೆಯವರಿಗೆ ಕಾಣದ ಹಾಗೆ ಮಾಡೋದು ಹೇಗೆ?"

"ಪ್ರತಿ ಲಿಂಕು ತೆರೆದು 'ಖಾಸಗಿ' ಅನ್ನೋ ಚೌಕಕ್ಕೆ ಗುರುತು ಹಾಕಬೇಕು ಸಾರ್. ಒಂದೊಂದೇ."

ಮೊದಲನೆಯದನ್ನು ಮಾಡಿ ತೋರಿಸಿದೆ. ಪುಟ ತಿರುವುವವರ ಹಾಗೆ ಬೆರಳು ಎಂಜಲು ಮಾಡಿಕೊಂಡು ಅವರು ಎರಡನೆಯದಕ್ಕೆ ಇಳಿದರು.

ಎಲ್ಲವನ್ನೂ ಒಂದೇ ಏಟಿಗೆ ಮುಚ್ಚುವ ದಾರಿ ಇತ್ತು. ಗೊತ್ತಿದ್ದ ಉತ್ತರವನ್ನು ಒಂಬತ್ತು ವರ್ಷದಲ್ಲಿ ಮೊದಲ ಸಲ ನುಂಗಿಕೊಂಡು ಹೊರಗೆ ಬಂದೆ. ಮೇಜಿನ ಮುಂದೆ ನಾಲ್ಕು ಜನ ಕಾಯುತ್ತಿದ್ದರು.