ಜೋಡಿ ಚೀಟಿ

೨೦೨೫ರ ಅಕ್ಟೋಬರ್ ೧೪, ಮಂಗಳವಾರ, ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷ.

"ಸೊಂಟ ಅಂತೆ ಸೊಂಟ! ನಾಟಕದ ಕಂಪನಿ ಅಂದ್ಕೊಂಡಿದೀಯೇನೇ ಇದನ್ನ? ಇಷ್ಟು ಎತ್ತಕ್ಕೆ ನಿಂಗೆ ಇನ್ನೊಬ್ಬಳು ಬೇಕಾ? ಉಣ್ಣೋವಾಗ ಒಬ್ಬಳೇ ಉಣ್ತೀಯಲ್ಲ, ಮುಂಡೇದೆ!"

ಮ್ಯಾನೇಜರ್ ಬೈಯುತ್ತಿದ್ದದ್ದು ಹೊರೆ ಹೊರುವ ಚಿಕ್ಕಮ್ಮನನ್ನು. ಪಾರ್ಸೆಲ್ ಗೋದಾಮಿನಲ್ಲಿ, ಪೆಟ್ಟಿಗೆ ಸಾಗಿಸುವ ಬೆಲ್ಟಿನ ಪಕ್ಕ, ಎಲ್ಲರ ಎದುರು. ಚಿಕ್ಕಮ್ಮ ಒಂದು ಕೈಯನ್ನು ಸೊಂಟಕ್ಕೆ ಕೊಟ್ಟು, ಇನ್ನೊಂದರಲ್ಲಿ ಪೆಟ್ಟಿಗೆಯ ಅಂಚು ಹಿಡಿದು ನೆಲ ನೋಡುತ್ತಿದ್ದಳು.

"ಏ ಕಾಲೇಜು, ಓದಿ ಹೇಳು. ಎಷ್ಟಿದೆ ಇದು?"

ಕಾಲೇಜು ಅಂದರೆ ತೂಕದ ಯಂತ್ರದ ಮುಂದೆ ಸ್ಟೂಲಿನ ಮೇಲೆ ಕೂತಿದ್ದ ಹುಡುಗಿ. ಕುತ್ತಿಗೆಯಲ್ಲಿ 'ಟ್ರೈನಿ' ಎಂಬ ಬಿಲ್ಲೆ. ವಿಶ್ವವಿದ್ಯಾಲಯದಲ್ಲಿ ಸರಕು ಸಾಗಣೆಯ ಕೋರ್ಸು, ಕೊನೆಯ ವರ್ಷ. ಇಲ್ಲಿ ತರಬೇತಿ ಮುಗಿಸಿ ಮ್ಯಾನೇಜರ್ ಸಹಿ ಹಾಕಿದರೆ ಡಿಗ್ರಿ. ಅವನಿಗೆ ಮನಸ್ಸು ಬಂದರೆ ಇಲ್ಲೇ ಕೆಲಸ. ಅವಳು ಪರದೆ ನೋಡಿದಳು.

"ಇಪ್ಪತ್ತೊಂಬತ್ತು ಪಾಯಿಂಟ್ ಎಂಟು, ಸರ್."

"ಕೇಳ್ತಾ? ನಿನ್ನ ಸೊಂಟ ಸುಳ್ಳು ಹೇಳುತ್ತೆ, ಯಂತ್ರ ಹೇಳಲ್ಲ. ಈ ಪೆಟ್ಟಿಗೆ ಇಲ್ಲೇ ಇರಲಿ. ಸಂಜೆಯೊಳಗೆ ನೀನೊಬ್ಬಳೇ ಲಾರಿಗೆ ಹಾಕ್ಬೇಕು. ಆಗಲ್ಲ ಅಂದ್ರೆ ಗೇಟು ಅಲ್ಲಿದೆ."

ಅವನು ಪೆಟ್ಟಿಗೆಯನ್ನು ಬೂಟಿನಿಂದ ಗೋಡೆಗೆ ತಳ್ಳಲು ನೋಡಿದ. ಅದು ಅಲುಗಲಿಲ್ಲ. ಏನೂ ಆಗಿಲ್ಲವೆಂಬಂತೆ ಬೂಟು ಒರೆಸಿಕೊಂಡು ಮೆಟ್ಟಿಲು ಹತ್ತಿಹೋದ.

ನಿಯಮವೇನೋ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಇತ್ತು: ಮೂವತ್ತು ಕಿಲೋ ದಾಟಿದ್ದನ್ನು ಇಬ್ಬರು ಎತ್ತಬೇಕು. ಅಂಥದ್ದಕ್ಕೆ ಟ್ರೈನಿ ಕೆಂಪು ಚೀಟಿ ಅಂಟಿಸಬೇಕು. ಚೀಟಿಯಲ್ಲಿ ಕೈ ಕೈ ಹಿಡಿದ ಎರಡು ಗೊಂಬೆ. ಎಲ್ಲರೂ ಅದನ್ನು ಜೋಡಿ ಚೀಟಿ ಅನ್ನುತ್ತಿದ್ದರು. ಹುಡುಗಿಯ ಕೈಯಲ್ಲಿದ್ದ ಚೀಟಿಗಳ ಸುರುಳಿ ಅವಳು ಬಂದ ದಿನ ಎಷ್ಟು ದಪ್ಪ ಇತ್ತೋ ಇವತ್ತೂ ಹೆಚ್ಚುಕಮ್ಮಿ ಅಷ್ಟೇ ದಪ್ಪ ಇತ್ತು. ಪೆಟ್ಟಿಗೆಗಳೆಲ್ಲ ಏನೋ ಮಾತಾಡಿಕೊಂಡವರ ಹಾಗೆ ಮೂವತ್ತರ ಹತ್ತಿರ ಬಂದು ನಿಂತುಬಿಡುತ್ತಿದ್ದವು.

ತಾಯಿ ಹೋದ ಮೇಲೆ ಹುಡುಗಿಯನ್ನು ಸಾಕಿದವಳು ಈ ಚಿಕ್ಕಮ್ಮನೇ. ಅದು ಗೋದಾಮಿನಲ್ಲಿ ಎಲ್ಲರಿಗೂ ಗೊತ್ತು, ಮ್ಯಾನೇಜರ್ ಒಬ್ಬನನ್ನು ಬಿಟ್ಟು. ಮೊದಲ ದಿನವೇ ಚಿಕ್ಕಮ್ಮ ಆಣೆ ಹಾಕಿಸಿದ್ದಳು: "ಹೊರೆ ಹೊರೋಳ ಸಂಬಂಧ ಅಂತ ಗೊತ್ತಾದ್ರೆ ನಿನ್ನ ತಲೆ ಮೇಲೂ ಒಂದು ಪೆಟ್ಟಿಗೆ ಇಡ್ತಾನೆ. ಗೇಟು ದಾಟಿದ ಮೇಲೆ ನಾನು ನಿಂಗೆ ಯಾರೂ ಅಲ್ಲ, ತಿಳೀತಾ?" ಅವತ್ತಿನಿಂದ ಮನೆಯಲ್ಲಿ 'ಏ ಕೋತಿ' ಅನ್ನುವವಳು ಇಲ್ಲಿ 'ಟ್ರೈನಿ ಮೇಡಂ' ಅನ್ನುತ್ತಿದ್ದಳು, ಅದೂ ನಗು ತಡೆದುಕೊಂಡು.

ಮಧ್ಯಾಹ್ನ ಬೆಲ್ಟು ನಿಂತಿತು. ಡಬ್ಬಿಗಳು ಬಿಚ್ಚಿಕೊಂಡವು. ಫೋರ್ಕ್‌ಲಿಫ್ಟ್ ಓಡಿಸುವವನಿಗೆ ದಪ್ಪ ಕತ್ತಿನ ದೆಸೆಯಿಂದ ಗೂಳಿ ಅಂತ ಹೆಸರು. ಕೂರಲು ಬೇರೆ ಜಾಗ ಸಿಗದೆ ಅವನು ತೂಕದ ಯಂತ್ರವನ್ನೇ ಹತ್ತಿದ. ಪರದೆ ನೋಡಿದ್ದೇ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

"ಎಂಬತ್ತು! ಲೇ, ಎಂಬತ್ತು ಕಣ್ರೋ! ಹೋದ ತಿಂಗಳು ಲೈಸೆನ್ಸಿಗೆ ಅಂತ ಡಾಕ್ಟರ್ ಹತ್ರ ಹೋದಾಗ ನೂರಿದ್ದೆ. ಎಮ್ಮೆ ಎಮ್ಮೆ ಅಂತಾಳಲ್ಲ ನನ್ನ ಹೆಂಡ್ತಿ, ಬಂದು ನೋಡ್ಲಿ!"

"ಇಳಿಯೋ, ಯಂತ್ರ ಮುರಿಯುತ್ತೆ. ನಾನು ನೋಡ್ತೀನಿ."

ಆಮೇಲೆ ಹಿಡಿಯುವವರೇ ಇಲ್ಲ. ಒಬ್ಬೊಬ್ಬರೂ ಹತ್ತುವುದು, ಕಿರುಚುವುದು, ಇಳಿಯುವುದು. ಎಲ್ಲರೂ ಸಣ್ಣಗಾಗಿದ್ದರು! ಚಿಕ್ಕಮ್ಮನನ್ನು ಎಳೆದು ನಿಲ್ಲಿಸಿದರು. ಐವತ್ತಾರು.

"ಅಯ್ಯಯ್ಯೋ, ನನ್ನ ಮದುವೆ ದಿನದ ತೂಕ ಕಣ್ರೇ ಇದು!" ಚಿಕ್ಕಮ್ಮ ಗುಳ್ಳೆ ಪ್ಲಾಸ್ಟಿಕ್ಕಿನ ಹಾಳೆಯೊಂದನ್ನು ತಲೆಗೆ ಮುಸುಕು ಹೊದ್ದು, ನೋಯುವ ಸೊಂಟ ಹಿಡಿದುಕೊಂಡೇ ಮದುಮಗಳ ಹಾಗೆ ನಡೆದಳು. ನೆಲಕ್ಕೆ ಎಳೆಯುತ್ತಿದ್ದ ಅಂಚಿನಲ್ಲಿ ಹೆಜ್ಜೆಗೊಂದು ಗುಳ್ಳೆ ಪಟ್ ಅಂತ ಒಡೆಯಿತು. ಜನ ನಕ್ಕೂ ನಕ್ಕೂ ಗೋಡೆ ಹಿಡಿದರು.

"ಟ್ರೈನಿ ಮೇಡಂ, ನೀವೂ ಬನ್ನಿ!"

ಹುಡುಗಿ ಹತ್ತಿದಳು. ನಲವತ್ತನಾಲ್ಕು. ಎಲ್ಲರೊಡನೆ ಅವಳೂ ಚಪ್ಪಾಳೆ ತಟ್ಟಿದಳು. ಎರಡನೆಯ ಚಪ್ಪಾಳೆಗೆ ಕೈ ನಿಂತಿತು. ಹೋದ ವಾರ ಕಾಲೇಜಿನ ಕ್ರೀಡಾ ತಂಡಕ್ಕೆ ತೂಗಿದಾಗ ಐವತ್ತೈದಿದ್ದಳು. ನೂರಕ್ಕೆ ಎಂಬತ್ತು, ಐವತ್ತೈದಕ್ಕೆ ನಲವತ್ತನಾಲ್ಕು. ಐದು ಪಾಲಿನಲ್ಲಿ ಒಂದು ಪಾಲು ಕಮ್ಮಿ, ಗೂಳಿಯದೂ ಅಷ್ಟೇ, ಅವಳದೂ ಅಷ್ಟೇ. ಊಟ ಬಿಟ್ಟು ಸಣ್ಣಗಾದವರು ಹೀಗೆ ಅಳತೆ ಹಿಡಿದು ಆಗುವುದಿಲ್ಲ.

ಅವಳು ಇದ್ದಲ್ಲೇ ಇದ್ದ ಬೆಳಗಿನ ಪೆಟ್ಟಿಗೆಯ ಕಡೆ ನೋಡಿದಳು. ಮೆಟ್ಟಿಲು ಹತ್ತಿ ಮ್ಯಾನೇಜರನ ಕೋಣೆಗೆ ಹೋದಳು.

"ಸರ್, ಕೆಳಗಿನ ಯಂತ್ರ ತಪ್ಪು ತೋರಿಸ್ತಿದೆ. ಕಮ್ಮಿ ತೋರಿಸ್ತಿದೆ."

"ಬಾಗಿಲು ಹಾಕು," ಅಂದ ಅವನು. ಕೋಪ ಇರಲಿಲ್ಲ, ಖುಷಿಯಾದ ಹಾಗಿತ್ತು. "ಇಷ್ಟು ಟ್ರೈನಿಗಳು ಬಂದು ಹೋದರು, ಯಾವನಿಗೂ ಗೊತ್ತಾಗಿರಲಿಲ್ಲ. ತಪ್ಪಲ್ಲ ಅದು, ಹಂಗೇ ಸೆಟ್ ಮಾಡ್ಸಿರೋದು. ಇಬ್ಬರು ಎತ್ತಿದ್ರೆ ಕೆಲಸ ನಿಧಾನ, ಲಾರಿ ನಿಂತಲ್ಲೇ ನಿಲ್ಲುತ್ತೆ. ಇದನ್ನೆಲ್ಲ ನಿಮ್ಮ ಪುಸ್ತಕದಲ್ಲಿ ಹೇಳ್ಕೊಡಲ್ಲ. ಇದೇ ಲಾಜಿಸ್ಟಿಕ್ಸ್."

"ಮುಂದಿನ ಬಾಗಿಲಾಚೆ ಬುಕಿಂಗ್ ಕೌಂಟರಿನ ಯಂತ್ರ, ಸರ್?"

"ಅದು ಕರೆಕ್ಟಾಗಿದೆ. ಗಿರಾಕಿ ತೂಕಕ್ಕೆ ತಕ್ಕ ಹಾಗೆ ದುಡ್ಡು ಕೊಡ್ತಾನೆ. ಅಲ್ಲಿ ಕಮ್ಮಿ ತೋರಿಸಿದ್ರೆ ನಮಗೇ ಲುಕ್ಸಾನು ಅಲ್ವಾ?" ಜೇಬಿನ ಪೆನ್ನು ತೆಗೆದು ಮೇಜಿನ ಮೇಲೆ ಕುಟ್ಟಿದ. "ಚುರುಕಿದೀಯ. ಸಹಿ ಹಾಕ್ತೀನಿ, ಸೂಪರ್‌ವೈಸರ್ ಕುರ್ಚಿನೂ ಕೊಡ್ತೀನಿ. ಬಾಯಿಗೆ ಬೀಗ ಇರಲಿ. ಕೆಳಗಿರೋವು ಕತ್ತೆಗಳು, ಹೊರೆ ಇಟ್ರೂ ಒದರ್ತವೆ, ಇಳಿಸಿದ್ರೂ ಒದರ್ತವೆ."

"ಥ್ಯಾಂಕ್ಸ್ ಸರ್," ಅಂದಳು ಹುಡುಗಿ.

ಕುರ್ಚಿ ಸಿಕ್ಕಿತ್ತು. ಮೆಟ್ಟಿಲು ಇಳಿಯುವಾಗ ಅವಳಿಗೆ ಬಿಕ್ಕಳಿಕೆಯಂತೆ ನಗು ಹತ್ತಿತು. ಕೆಳಗೆ ಬಂದು ಸ್ಟೂಲಿನ ಮೇಲೆ ಕೂತರೂ ನಿಲ್ಲಲಿಲ್ಲ. ಬೆಲ್ಟು ಶುರುವಾಯಿತು. ಮೊದಲಿಗೆ ಬಂದದ್ದು ಒಂದು ತೆಳು ಲಕೋಟೆ. ಅವಳು ಸುರುಳಿ ಹರಿದು ಅದರ ಮೇಲೆ ಕೆಂಪು ಚೀಟಿ ಅಂಟಿಸಿದಳು.

ಚಿಕ್ಕಮ್ಮ ಎರಡು ಬೆರಳಲ್ಲಿ ಲಕೋಟೆ ಎತ್ತಿ ನೋಡಿದಳು. "ಏನ್ ಟ್ರೈನಿ ಮೇಡಂ, ತಲೆ ನೆಟ್ಟಗಿದೆಯಾ? ಕಾಗದಕ್ಕೆ ಜೋಡಿನಾ?"

"ಯಂತ್ರ ಐದು ಕಿಲೋಗೆ ನಾಲ್ಕೇ ತೋರಿಸುತ್ತೆ. ಬೇಕಂತಲೇ ಹಂಗೆ ಮಾಡ್ಸಿದಾನಂತೆ, ಅವನ ಬಾಯಿಂದಲೇ ಕೇಳ್ದೆ. ಇನ್ನು ಇಲ್ಲಿ ಯಾವುದರ ತೂಕವೂ ನಂಗೆ ಗೊತ್ತಿಲ್ಲ. ಗೊತ್ತಿಲ್ಲದ್ದೆಲ್ಲ ಜೋಡಿ."

ಚಿಕ್ಕಮ್ಮನ ಕೈ ಮೆಲ್ಲಗೆ ಸೊಂಟಕ್ಕೆ ಹೋಯಿತು.

"ಹಾಗಾದ್ರೆ ನಾನು ಸಣ್ಣಗಾಗಿಲ್ಲ?"

"ಇಲ್ಲ."

"ಸೊಂಟ ಸುಳ್ಳು ಹೇಳ್ತಿರಲಿಲ್ಲ?"

"ಇಲ್ಲ."

"ಅಯ್ಯೋ, ಅವನ ಹೆಣ ಎತ್ತಾ!"

"ಅದಕ್ಕೂ ಜೋಡಿ ಬೇಕಾಗುತ್ತಕ್ಕಾ," ಅಂದ ಗೂಳಿ.

ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಗೂಳಿ ಬಂದು ಲಕೋಟೆಯ ಒಂದು ತುದಿ ಹಿಡಿದ, ಚಿಕ್ಕಮ್ಮ ಇನ್ನೊಂದು ತುದಿ. "ಎತ್ತಕ್ಕಾ... ಹುಷಾರು, ನಿನ್ನ ಕಡೆ ವಾಲ್ತಿದೆ." "ಉಸಿರು ಹಿಡಿಯೋ, ಮೊಣಕಾಲು ಬಗ್ಸು." ಇಬ್ಬರೂ ಏದುಸಿರು ಬಿಡುತ್ತ ಲಕೋಟೆಯನ್ನು ಲಾರಿಗೆ ಹೊತ್ತರು. ಹಿಂದೆ ಒಂದು ಟೋಪಿಗೆ ಜೋಡಿ, ಅದರ ಹಿಂದೆ ಒಂದು ಜೊತೆ ಕಾಲುಚೀಲಕ್ಕೆ ಜೋಡಿ. ಹುಡುಗಿ ಚೀಟಿ ಅಂಟಿಸುತ್ತಲೇ ಇದ್ದಳು. ಪೊರಕೆಗೆ, ಗೂಳಿಯ ಹಣೆಗೆ, ಉಳಿದವರ ಹಣೆಗೆ, ತನ್ನ ಬಿಲ್ಲೆಗೆ. ಬೆಲ್ಟಿನ ಮೇಲೆ ಸಾಮಾನು ಗುಡ್ಡೆಯಾಗಿ, ತುದಿಯಿಂದ ದಬದಬ ಉದುರತೊಡಗಿತು. ಹೊರಗೆ ಲಾರಿಗಳು ಹಾರನ್ ಹೊಡೆದವು.

ಮ್ಯಾನೇಜರ್ ಎರಡೆರಡು ಮೆಟ್ಟಿಲು ಹಾರಿ ಬಂದ.

"ಯಾವ ಬೋಳಿಮಗ ಶುರು ಮಾಡಿದ್ದು ಇದನ್ನ?"

"ನಾನು ಸರ್," ಅಂದಳು ಹುಡುಗಿ.

"ನೀನಾ! ನಿನ್ನ ಡಿಗ್ರಿ ಈ ಪೆನ್ನಲ್ಲಿದೆ, ನೆನಪಿದೆಯಾ?"

ಪೆನ್ನನ್ನು ಅವಳ ಮೂಗಿನ ತನಕ ತಂದ. ಅವಳು ಪೆನ್ನು ನೋಡಿದಳು. ನಗು ಹೋಯಿತು, ಮತ್ತೆ ಬಂತು. ಇನ್ನೊಂದು ಚೀಟಿ ಹರಿದು ಪೆನ್ನಿಗೆ ಸುತ್ತಿ ಅಂಟಿಸಿದಳು. ಎರಡೂ ಗೊಂಬೆ ಅವನ ಮುಖ ನೋಡುತ್ತಿದ್ದವು.

"ಚಿಕ್ಕಮ್ಮಾ," ಅಂದಳು ಗಟ್ಟಿಯಾಗಿ, "ಬೆಳಗಿನ ಆ ಪೆಟ್ಟಿಗೆ. ಆ ಕಡೆ ಹಿಡ್ಕೋ ಬಾ."

ಚಿಕ್ಕಮ್ಮ ಬೆಚ್ಚಿದಳು. "ಏ ಕೋತಿ, ಆಣೆ ಹಾಕಿದ್ದೆ ನೀನು!"

"ಚಿಕ್ಕಮ್ಮನಾ?" ಮ್ಯಾನೇಜರ್ ಬಾಯಿ ತೆರೆದುಕೊಂಡಿತು.

"ಹೌದು ಸರ್. ನಮ್ಮದು ಒಂದೇ ನಾಟಕದ ಕಂಪನಿ."

ಚಿಕ್ಕಮ್ಮ ಸೆರಗು ಬಿಗಿದಳು. "ಭಾರ ನನ್ನ ಕಡೆ ಬಿಡು," ಅಂದಳು ಹುಡುಗಿ. "ಬಾಯ್ಮುಚ್ಚು, ಸಮ ಹಿಡಿ," ಅಂದಳು ಚಿಕ್ಕಮ್ಮ. ಎತ್ತಿದರು. ಲಾರಿಯ ಕಡೆಗಲ್ಲ, ಮುಂದಿನ ಬಾಗಿಲ ಕಡೆಗೆ ನಡೆದರು. "ನಿಲ್ಸಿ! ಅಲ್ಲಿ ಗಿರಾಕಿಗಳಿದಾರೆ! ಲೇ ಗೂಳಿ, ತಡಿಯೋ!" ಗೂಳಿ ಓಡಿಬಂದು ಬಾಗಿಲನ್ನು ಅಗಲಕ್ಕೆ ತೆರೆದು ಹಿಡಿದ.

ಕೌಂಟರಿನಲ್ಲಿ ಸಾಲು ನಿಂತಿದ್ದ ಗಿರಾಕಿಗಳು ಸರಿದು ದಾರಿ ಬಿಟ್ಟರು. ಪೆಟ್ಟಿಗೆ ಯಂತ್ರದ ಮೇಲೆ ಕೂತಿತು. ಅಂಕಿಗಳು ಓಡಿದವು, ತಡವರಿಸಿದವು, ನಿಂತವು. ಬಾಗಿಲ ತುಂಬ ಹಣೆಗೆ ಕೆಂಪು ಚೀಟಿ ಅಂಟಿಸಿಕೊಂಡವರು ಇಣುಕುತ್ತಿದ್ದರು.

"ಓದೇ ಕಾಲೇಜು," ಅಂದಳು ಚಿಕ್ಕಮ್ಮ, ಸೊಂಟ ನೆಟ್ಟಗೆ ಮಾಡುತ್ತ. "ಎಷ್ಟಿದೆ ಇದು? ಎಲ್ಲರಿಗೂ ಕೇಳಿಸ್ಲಿ."

ಮೂವತ್ತೇಳು ಕಿಲೋ ಇನ್ನೂರು ಗ್ರಾಂ.