ಹೊನ್ನೂರಪ್ಪ ರುಚಿ ನೋಡಿದ್ದು

೧೯೪೨ರ ಬೇಸಿಗೆ. ಯುದ್ಧದಿಂದಾಗಿ ಹಡಗುಗಳು ನಿಂತು, ಆದೋನಿ ಹತ್ತಿರದ ಆ ಸಣ್ಣ ಚರ್ಚಿಗೆ ಪೂಜೆಯ ದ್ರಾಕ್ಷಾರಸ ಬಾರದೆ ಮೂರು ತಿಂಗಳಾಗಿತ್ತು. ಸ್ಟೇಷನ್ ಬಳಿ ಅಂಗಡಿ ಇಟ್ಟಿದ್ದ ಭೀಮಲಿಂಗಪ್ಪ ಮುಂಬೈಯಿಂದ ಒಂದು ಪೆಟ್ಟಿಗೆ ಕೆಂಪು ವೈನ್ ತರಿಸಿಕೊಟ್ಟ. ಎರಡು ತರದ ವೈನ್ ಬೆರೆಸಿ ತುಂಬಿದ್ದು, ಹಿಂದಿನದರ ಅರ್ಧ ಬೆಲೆ. ಆದರೆ ದ್ರಾಕ್ಷಿಯದಲ್ಲದೆ ಬೇರೇನಾದರೂ ಸೇರಿದ್ದರೆ ಪೂಜೆಗೆ ನಡೆಯುವಂತಿರಲಿಲ್ಲ. ವಿಷಮಜ್ವರ ಬಂದು ಹೋದ ಮೇಲೆ ಫಾದರ್ ನಾಲಿಗೆಗೆ ರುಚಿಯೇ ತಿಳಿಯುತ್ತಿರಲಿಲ್ಲ. ಅಡುಗೆಯ ಹೊನ್ನೂರಪ್ಪನನ್ನು ಕರೆದರು.

ಹೊನ್ನೂರಪ್ಪ ಹಿಂದೆ ಹತ್ತಿ ಪ್ರೆಸ್ಸಿನ ದೊರೆಯ ಬಂಗಲೆಯಲ್ಲಿ ಬಟ್ಲರ್ ಆಗಿದ್ದವನು. ದೊರೆ ಬಿಟ್ಟದ್ದನ್ನು ಕುಡಿದು ಕುಡಿದೇ ವೈನಿನ ಗುಣ ಕಲಿತಿದ್ದ. ಮಗಳು ವಾಂತಿಭೇದಿಯಿಂದ ಸತ್ತ ದಿನ ಅವನು ಪೆದ್ದಹರಿವಾಣದ ಸೇಂದಿ ಅಂಗಡಿಯಲ್ಲಿ ಬಿದ್ದಿದ್ದ. ಆಮೇಲೆ ಎಂಟು ವರ್ಷ ಕುಡಿತ ಮುಟ್ಟಿರಲಿಲ್ಲ. ಫಾದರ್‌ಗೆ ಅವನ ಬಂಗಲೆಯ ಕೆಲಸ ಗೊತ್ತಿತ್ತು, ಇದು ಗೊತ್ತಿರಲಿಲ್ಲ.

"ಒಂದು ಗುಟುಕು ನೋಡಿ ಹೇಳಪ್ಪ," ಎಂದರು.

ಹೊನ್ನೂರಪ್ಪ ಲೋಟವನ್ನು ಬೆಳಕಿಗೆ ಹಿಡಿದ, ಮೂಸಿದ, ಬಾಯಿಗೆ ಹಾಕಿಕೊಂಡ. ಮೊದಲು ಒಗರು, ಆಮೇಲೆ ಹುಳಿ, ಕೊನೆಗೆ ಒಣದ್ರಾಕ್ಷಿಯಂಥ ಸಿಹಿ. ತುಸು ತೆಳು, ಆದರೆ ಶುದ್ಧ. ಉಗುಳಬೇಕೆಂದಿದ್ದವನು ನುಂಗಿಬಿಟ್ಟ. ಎದೆ ಬೆಚ್ಚಗಾಯಿತು. ಇನ್ನು ಪೆಟ್ಟಿಗೆ ಇಡುವುದು ತನ್ನ ಅಡುಗೆಮನೆಯ ಕಪಾಟಿನಲ್ಲೇ ಎಂಬುದು ಹೊಳೆದು ಲೋಟವನ್ನು ದೂರ ಸರಿಸಿದ.

"ಬ್ಯಾಡ್ರಿ ಫಾದರ್. ಬೆಲ್ಲದ ಸರಾಯಿ ಕಲಸ್ಯಾರ."

ಪೆಟ್ಟಿಗೆಯ ಪಕ್ಕ ನಿಂತಿದ್ದ ಭೀಮಲಿಂಗಪ್ಪನ ಮುಖ ಕಪ್ಪಿಟ್ಟಿತು. "ನಾ ಕುಡಿಯಾವಲ್ಲರಿ, ರುಚಿ ನನಗ ತಿಳಿಯಂಗಿಲ್ಲ. ಚೊಲೋ ಐತಿ ಅಂತ ಹೇಳಿದ್ರು, ನಂಬಿ ತಂದೀನಿ. ದೇವರ ಕೆಲಸಕ್ಕ ಮೋಸ ಮಾಡ್ತೀನೇನ್ರಿ?"

ಫಾದರ್ ಪೆಟ್ಟಿಗೆಯನ್ನು ವಾಪಸು ಕೊಟ್ಟರು. ಭೀಮಲಿಂಗಪ್ಪ ಪೆಟ್ಟಿಗೆ ಹೊತ್ತು ಗೇಟಿನವರೆಗೆ ಹೋದ. ಹೊನ್ನೂರಪ್ಪ ಓಡಿಹೋಗಿ ಅಡ್ಡ ನಿಂತ.

"ನಿಲ್ರಿ ಸಾವ್ಕಾರ್ರೆ. ಸುಳ್ಳು ಹೇಳೀನಿ. ಅದರಾಗ ಏನೂ ಕಲಸಿಲ್ಲ, ಚೊಲೋ ಐತಿ." ಹಿಂದೆಯೇ ಬಂದ ಫಾದರ್ ಕಡೆ ತಿರುಗಿದ. "ನನ್ನ ಕೈಯಾಗ ಇದ್ರ ನಾ ಉಳಿಯಂಗಿಲ್ಲರಿ. ಅದಕ್ಕ ಅಂದೆ." ಮಗಳ ವಿಷಯವನ್ನೂ ಅಲ್ಲೇ, ಬಿಸಿಲಲ್ಲೇ ನಿಂತು ಹೇಳಿದ.

"ನಿನ್ನನ್ನು ಕೇಳಬಾರದಿತ್ತು," ಎಂದರು ಫಾದರ್. ಪೆಟ್ಟಿಗೆಯನ್ನು ತಾವೇ ಹೊತ್ತು ತಮ್ಮ ಮಲಗುವ ಕೋಣೆಯ ಕಬ್ಬಿಣದ ಟ್ರಂಕಿಗೆ ಹಾಕಿ ಬೀಗ ಜಡಿದರು. ಭೀಮಲಿಂಗಪ್ಪ ಅಂಗಡಿಗೆ ಹೊರಟುಹೋದ. ಹೊನ್ನೂರಪ್ಪನ ಜೊತೆ ಒಂದು ವರ್ಷ ಮಾತಾಡಲಿಲ್ಲ.

ಅಂದು ಮಧ್ಯಾಹ್ನ ಹೊನ್ನೂರಪ್ಪ ಒಬ್ಬನೇ ಇರಲಾರೆನೆಂದು ಮನೆಗೆ ಹೇಳಿ ಕಳಿಸಿದ. ಹೆಂಡತಿ ಮಾರೆಮ್ಮ ಸುಲಿಯಲು ಶೇಂಗಾ ತುಂಬಿದ ಮೊರ ತಂದು ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು.

"ಬಾಯಾಗಿನ ರುಚಿ ಹೋತೇನು?"

"ಇನ್ನೂ ಇಲ್ಲ."

ಮಾರೆಮ್ಮ ಶೇಂಗಾ ಸುಲಿಯತೊಡಗಿದಳು. ಮರುದಿನವೂ ಬಂದಳು. ಹಾಗೆ ಇಪ್ಪತ್ತು ದಿನ ಬಂದಳು.