ಇಪ್ಪತ್ತೆರಡು ನಿಮಿಷದ ಅಪ್ಪ

ಮಗುವಿನ ಅಪ್ಪ ನಾನೇ ಎಂದು ಮಗುವಿಗೇ ನಂಬಿಸಬೇಕಾದ ಪಾಡು ಯಾವ ಗಂಡಸಿಗೂ ಬರಬಾರದು. ಒಬ್ಬ ಬಸ್ ಡ್ರೈವರನಿಗೆ ಬಂದಿತ್ತು. ಅದೂ ಎಲ್ಲಿ? ನೆಲದಿಂದ ಹತ್ತು ಕಿಲೋಮೀಟರ್ ಮೇಲೆ, ಸಾಕಪ್ಪಾ ಸಾಕು ಎಂದು ಇಳಿದು ಹೋಗಲೂ ಆಗದ ಜಾಗದಲ್ಲಿ, ಹದಿಮೂರು ಗಂಟೆ.

ಕಿಟಕಿಯ ಪಕ್ಕ ಕೂತಿದ್ದವಳು ಅವನ ಮಗಳು. ವಯಸ್ಸು ಎರಡು ವರ್ಷ ಐದು ತಿಂಗಳು, ಮನೆಯಲ್ಲಿ ಕರೆಯುವುದು ಚೂಟಿ ಎಂದು. ವಿಮಾನ ಹತ್ತಿದಾಗಿನಿಂದ ಅವಳು ಒಂದೇ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಿದ್ದಳು. ಪಕ್ಕದವನ ಮೈ ತನಗೆ ತಗಲದ ಹಾಗೆ ಕಿಟಕಿಯ ಮೂಲೆಗೆ ಒತ್ತಿಕೊಂಡು ಕೂರುವ ಕೆಲಸ.

"ಮಾಮ, ಆಚೆ ಹೋಗು."

"ಮಾಮ ಅಲ್ಲ ಕಣೇ, ಅಪ್ಪ. ಹೇಳು ನೋಡೋಣ, ಅಪ್ಪ."

"ಮಾಮ," ಎಂದಳು ಚೂಟಿ. ವಿಷಯ ಅಲ್ಲಿಗೆ ಮುಗಿಯಿತು.

ಅವಳದೇನೂ ತಪ್ಪಿರಲಿಲ್ಲ ಬಿಡಿ. ಅವಳಿಗೊಬ್ಬ ಅಪ್ಪ ಆಗಲೇ ಇದ್ದ. ಅಂಗೈ ಅಗಲದ ಅಪ್ಪ, ದಿನಾ ಸಂಜೆ ಅಜ್ಜಿಯ ಫೋನಿನಲ್ಲಿ ಬರುತ್ತಿದ್ದ. ಅವನಿಗೆ ಕಾಲಿರಲಿಲ್ಲ, ಮೈವಾಸನೆ ಇರಲಿಲ್ಲ. ಹತ್ತಿರ ಬಂದು ಎತ್ತಿಕೊಳ್ಳುತ್ತೇನೆಂದು ಹೆದರಿಸುತ್ತಲೂ ಇರಲಿಲ್ಲ.

ಡ್ರೈವರನೂ ಅವನ ಹೆಂಡತಿಯೂ ದೂರದ ದೇಶವೊಂದರಲ್ಲಿ ದುಡಿಯುತ್ತಿದ್ದರು. ಅವನು ಊರೊಳಗಿನ ಬಸ್ಸು ಓಡಿಸುತ್ತಿದ್ದ, ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಅವನು ಮನೆಗೆ ಬರುವಾಗ ಅವಳು ಹೊರಡುತ್ತಿದ್ದಳು. ಎಷ್ಟೋ ದಿನ ಮೆಟ್ಟಿಲ ಮೇಲೆ ನಿಂತು ಮಗುವನ್ನು ಕೈಯಿಂದ ಕೈಗೆ ದಾಟಿಸಿದ್ದಿದೆ. ಮಗುವಿಗೆ ಐದು ತಿಂಗಳಾದಾಗ ಅತ್ತೆ ಬಂದು, "ಹೀಗೇ ಮಾಡಿದ್ರೆ ಮಗೂನೂ ಉಳಿಯಲ್ಲ, ನೀವೂ ಉಳಿಯಲ್ಲ. ಒಂದಾರು ತಿಂಗಳು ನಾನು ನೋಡ್ಕೋತೀನಿ," ಎಂದು ಎತ್ತಿಕೊಂಡು ಹೋದರು. ಆರು ತಿಂಗಳು ಎಳೆದೂ ಎಳೆದೂ ಎರಡು ವರ್ಷವಾಯಿತು.

ಬಸ್ಸಿನ ಕೊನೆಯ ನಿಲ್ದಾಣದಲ್ಲಿ ಡ್ರೈವರನಿಗೆ ಇಪ್ಪತ್ತೆರಡು ನಿಮಿಷದ ಬಿಡುವು. ಅಷ್ಟರಲ್ಲಿ ಅವನು ಊಟ ಮಾಡಬೇಕು, ಕೈಕಾಲು ಸಡಿಲ ಮಾಡಿಕೊಳ್ಳಬೇಕು, ಅಪ್ಪನೂ ಆಗಬೇಕು. ಮೊದಲೆರಡನ್ನು ಅವನು ಎಂದೋ ಬಿಟ್ಟಿದ್ದ. ಖಾಲಿ ಬಸ್ಸಿನಲ್ಲಿ ಸ್ಟೇರಿಂಗಿಗೆ ಫೋನು ಒರಗಿಸಿ, "ಹಲೋ ಹಲೋ, ಚೂಟಿಯಮ್ಮನವರು ಮನೇಲಿದಾರಾ?" ಎಂದು ಶುರುಮಾಡುತ್ತಿದ್ದ. ದಿನಕ್ಕೆ ಮುನ್ನೂರು ಜನ ಅವನ ಬೆನ್ನ ಹಿಂದೆ ಹತ್ತಿ ಇಳಿಯುತ್ತಿದ್ದರು. 'ಚಾಲಕನೊಂದಿಗೆ ಮಾತನಾಡಬೇಡಿ' ಎಂಬ ಫಲಕ ಬೇರೆ ತಲೆಯ ಮೇಲೇ ಇತ್ತು. ದಿನವಿಡೀ ಅವನ ಬಾಯಿಂದ ಹೊರಡುತ್ತಿದ್ದ ಮಾತೆಂದರೆ ಇಪ್ಪತ್ತೆರಡು ನಿಮಿಷದ್ದು.

ಮೊದಮೊದಲು ಅವನು ಫೋನು ಇಟ್ಟ ಕೂಡಲೆ ಮಗು ಅತ್ತು ಊರು ಒಂದು ಮಾಡುತ್ತಿತ್ತು. ಅತ್ತೆ ಜಾಣೆ. ಕೆಂಪು ಗುಂಡಿಯನ್ನು ಮಗುವೇ ಒತ್ತುವಂತೆ ಅಭ್ಯಾಸ ಮಾಡಿಸಿದರು. ಆಮೇಲೆ ಅಳುವಿಲ್ಲ. ಸಾಕೆನಿಸಿದಾಗ ಚೂಟಿ, "ಟಾಟಾ ಅಪ್ಪ," ಎಂದು ಬೆರಳು ಚಾಚಿ ಒತ್ತುತ್ತಿದ್ದಳು. ಒಮ್ಮೊಮ್ಮೆ ಮೂರೇ ನಿಮಿಷಕ್ಕೆ ಸಾಕೆನಿಸುತ್ತಿತ್ತು. ಉಳಿದ ಹತ್ತೊಂಬತ್ತು ನಿಮಿಷ ಡ್ರೈವರ್ ಕಪ್ಪಾದ ಫೋನು ನೋಡುತ್ತಾ ಕೂತಿರುತ್ತಿದ್ದ.

ಈಗ ಮಗಳನ್ನು ವಾಪಸ್ ಕರೆತರಲು ಸಿಕ್ಕಿದ್ದು ಮೂರೇ ದಿನದ ರಜೆ. ಮೂರು ದಿನವೂ ಚೂಟಿ ಅಜ್ಜಿಯ ಬೆನ್ನ ಹಿಂದಿನಿಂದ ಈಚೆ ಬರಲಿಲ್ಲ. ಮೊದಲ ಸಂಜೆಯಂತೂ ಅವನು ಎದುರಿಗೇ ಕೂತಿದ್ದಾಗ ಫೋನು ತಂದು ಅಜ್ಜಿಯ ಕೈಗಿಟ್ಟು, "ಅಪ್ಪಂಗೆ ಕಾಲ್ ಮಾಡು," ಎಂದಳು.

"ಅಯ್ಯೋ ಮಂಕೇ, ಇಲ್ಲೇ ಕೂತಿದಾನಲ್ಲೇ ನಿಮ್ಮಪ್ಪ!"

ಚೂಟಿ ಅವನನ್ನು ನೋಡಿದಳು, ಫೋನಿನ ಹಿಂಬದಿ ತಿರುಗಿಸಿ ನೋಡಿದಳು, ಕಿರುಚಿದಳು. "ಒಳಗೆ ಹೋಗಿ ಅಲ್ಲಿಂದ ಒಂದ್ಸಲ ಫೋನ್ ಮಾಡಪ್ಪ," ಎಂದರು ಅತ್ತೆ. "ಮನೆಗೆ ಬಂದ ಮೇಲೂ ಫೋನಲ್ಲೇ ಮಾತಾಡ್ಬೇಕಾ?" ಎಂದು ಅವನು ರೇಗಿದ. ರೇಗಬಾರದಿತ್ತು. ಆದರೆ ರೇಗದೆ ಇನ್ನೇನು ಮಾಡಿಯಾನು?

ಹೊರಡುವ ಮುನ್ನ ಹೆಂಡತಿ ಫೋನಿನಲ್ಲಿ ಒಂದೇ ಮಾತು ಹೇಳಿದ್ದಳು. "ಇಳಿಯೋ ಹೊತ್ತಿಗೆ ಅವಳು ನಿನ್ನ ಕುತ್ತಿಗೆ ತಬ್ಕೊಂಡಿರ್ಬೇಕು. ನಿನ್ನ ಗುರುತು ಹಿಡಿದ್ರೆ ನನ್ನನ್ನೂ ಹಿಡೀತಾಳೆ. ಇಲ್ಲಾಂದ್ರೆ ನಾನು ಏರ್‌ಪೋರ್ಟ್ ಬಾಗಿಲ ಹತ್ರ ನಿಲ್ಲಲ್ಲ. ನನ್ನ ಕೈಲಾಗಲ್ಲ." ರಜೆ ಸಿಗಲಿಲ್ಲವೆಂದು ಅವಳು ಬಂದಿರಲಿಲ್ಲ. ಕೇಳಿದ್ದರೆ ಸಿಗುತ್ತಿತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು.

ವಿಮಾನ ಸೂರ್ಯನ ಹಿಂದೆಯೇ ಓಡುತ್ತಿತ್ತು. ಎಷ್ಟು ಗಂಟೆಯಾದರೂ ಕಿಟಕಿಯಲ್ಲಿ ಅದೇ ಮಧ್ಯಾಹ್ನ. ನಿದ್ದೆಯಾದರೂ ಮಾಡಿಯಾಳು ಎಂದುಕೊಂಡರೆ ಅದಕ್ಕೂ ಕಲ್ಲು ಬಿತ್ತು. ಎರಡನೆಯ ಗಂಟೆಯಲ್ಲಿ ಚೂಟಿಗೆ ಅಜ್ಜಿಯ ನೆನಪಾಯಿತು. "ಅಜ್ಜಿ ಬೇಕು! ಅಪ್ಪ ಬೇಕು! ಮಾಮ ಬೇಡ!" ಡ್ರೈವರ್ ಬಿಸ್ಕತ್ತು ಚಾಚಿದ, ಕೆಳಕ್ಕೆ ಹೊಡೆದಳು. ಎತ್ತಿಕೊಳ್ಳಲು ಹೋದ, ಕಚ್ಚಿದಳು. ಹದಿನೇಳು ಸಾಲು ಮುಂದಿನವರೂ ತಿರುಗಿ ನೋಡಿದರು.

ಇವನ ಇನ್ನೊಂದು ಪಕ್ಕದಲ್ಲಿ, ಓಡಾಡುವ ದಾರಿಯ ಅಂಚಿಗೆ, ನಡುವಯಸ್ಸಿನ ದಂತವೈದ್ಯೆಯೊಬ್ಬರು ಕೂತಿದ್ದರು. ಅವರು ಪುಸ್ತಕ ಮುಚ್ಚಿ, ಕನ್ನಡಕದ ಮೇಲಿನಿಂದ ಅವನನ್ನು ಅಳೆದು, "ಈ ಮಗು ನಿಮ್ಮದೇನಾ?" ಎಂದು ಕೇಳಿದರು.

"ಅಲ್ದೆ ಇನ್ನೇನ್ರೀ?"

"ಕೇಳ್ದೆ ಅಷ್ಟೆ. ಅದು ಮಾಮ ಅಂತಿದೆ."

ಗಗನಸಖಿ ಬಂದಳು. ನಗುತ್ತಲೇ ಬಂದಳು, ಆದರೆ ನಗು ಬಾಯಲ್ಲಷ್ಟೇ ಇತ್ತು. ಬಗ್ಗಿ, "ಪುಟ್ಟಿ, ಇವರು ಯಾರಮ್ಮ?" ಎಂದಳು. ಚೂಟಿ ಬಿಕ್ಕುತ್ತಾ, "ಮಾಮ," ಎಂದಳು. ಡ್ರೈವರ್ ಚೀಲ ಕೆದಕಿ ಪಾಸ್‌ಪೋರ್ಟು, ಜನನ ಪತ್ರ, ಹೆಂಡತಿಯ ಒಪ್ಪಿಗೆ ಪತ್ರ ಎಲ್ಲ ತೆಗೆದುಕೊಟ್ಟ. ಪಾಸ್‌ಪೋರ್ಟಿನ ಚಿತ್ರದಲ್ಲಿದ್ದುದು ಐದು ತಿಂಗಳ ಬೋಳುತಲೆಯ ಶಿಶು. ಅದು ಯಾರ ಮಗುವಾದರೂ ಆಗಬಹುದಿತ್ತು. ಆದರೆ ಹೆಸರು, ತಾರೀಖು, ಮೊಹರು ಎಲ್ಲ ಸರಿಯಿತ್ತು. "ಕ್ಷಮಿಸಿ ಸರ್, ಕೇಳ್ಲೇಬೇಕಾಗುತ್ತೆ," ಎಂದು ಹಿಂದಿರುಗಿಸಿದಳು.

"ಪರವಾಗಿಲ್ಲಮ್ಮ. ಕೇಳೋದೇ ಒಳ್ಳೇದು," ಎಂದ. ನಿಜವಾಗಿಯೂ ಒಳ್ಳೆಯದೇ. ಆದರೂ ಅವನಿಗೆ ನಾಚಿಕೆಯಾಯಿತು. ಕಾಗದಕ್ಕೆಲ್ಲ ಅವನು ಅಪ್ಪನೆಂದು ಗೊತ್ತಿತ್ತು, ಮಗುವಿಗೆ ಮಾತ್ರ ಗೊತ್ತಿರಲಿಲ್ಲ.

ಅತ್ತೂ ಅತ್ತೂ ಚೂಟಿ ಕುಡಿದ ಹಾಲನ್ನೆಲ್ಲ ಅವನ ಅಂಗಿಯ ಮೇಲೆ ಕಕ್ಕಿಕೊಂಡಳು. ದಂತವೈದ್ಯೆ ಮುಖ ಸಿಂಡರಿಸಲಿಲ್ಲ. ಮಗುವಿನ ಬಾಯಿ ಒರೆಸುತ್ತಾ, "ಹೋಗಿ, ತೊಳ್ಕೊಂಡು ಬನ್ನಿ, ನಾನು ನೋಡ್ತಿರ್ತೀನಿ. ಮಕ್ಕಳು ಕಿರುಚೋದು ನನಗೆ ಹೊಸದಲ್ಲ. ನನ್ನ ಕಂಡ್ರೆ ಎಲ್ಲವೂ ಹೀಗೇ," ಎಂದರು.

ಅವನು ಅಂಗಿ ತೊಳೆದು, ಒದ್ದೆ ಬಟ್ಟೆಯಲ್ಲೇ ಬಂದು, ತನ್ನ ಸಾಲಿನ ಹಿಂದಿನ ಖಾಲಿ ಸೀಟಿನಲ್ಲಿ ಧೊಪ್ಪೆಂದು ಕುಸಿದ. ಎರಡು ನಿಮಿಷ ಯಾರ ಕಣ್ಣಿಗೂ ಬೀಳದೆ ಕೂರೋಣ ಎನಿಸಿತ್ತು. ಮುಂದಿನ ಎರಡು ಸೀಟುಗಳ ನಡುವೆ ನಾಲ್ಕು ಬೆರಳಗಲದ ಸಂದು. ಅದರಾಚೆ ಮಗಳ ಒದ್ದೆ ಕೆನ್ನೆ ಕಂಡಿತು. ಅವನಿಗೆ ಗೊತ್ತಾಗುವ ಮೊದಲೇ ಬಾಯಿ ತಾನೇ ಆಡಿಬಿಟ್ಟಿತು.

"ಹಲೋ ಹಲೋ, ಚೂಟಿಯಮ್ಮನವರು ಮನೇಲಿದಾರಾ?"

ಅಳು ಟಕ್ಕನೆ ನಿಂತಿತು. ಚೂಟಿ ತಿರುಗಿದಳು. ಸಂದಿಯಲ್ಲಿ ಒಂದು ಮುಖ. ಉದ್ದಕ್ಕೆ, ಕಿರಿದಾಗಿ, ಕಿವಿಯಿಲ್ಲದೆ, ಕಾಲಿಲ್ಲದೆ.

"ಅಪ್ಪಾ!"

ಎರಡು ವರ್ಷದಲ್ಲಿ ಮೊದಲ ಸಲ ಆ ಮಾತು ಅವನನ್ನೇ ನೋಡಿ, ಫೋನಿಲ್ಲದೆ ಅವನ ಕಿವಿಗೆ ಬಿತ್ತು. ಎದ್ದು ಓಡಿದ. ಮೂರೇ ಹೆಜ್ಜೆ, ಸುತ್ತಿ ಬಂದು ಮಗಳ ಪಕ್ಕ ಕೂತು, "ಹಲೋ ಚೂಟಿ, ಅಪ್ಪ ಬಂದೆ!" ಎಂದು ಕೈಚಾಚಿದ.

ಚೂಟಿ ಕಿಟಾರನೆ ಕಿರುಚಿದಳು. ಅವನ ಕೈ ತಳ್ಳಿ, ಕತ್ತು ಹೊರಳಿಸಿ ಸಂದಿಯನ್ನೇ ನೋಡುತ್ತಾ, "ಅಪ್ಪ! ಅಪ್ಪ!" ಎಂದು ಕರೆದಳು.

ದಂತವೈದ್ಯೆ ಎಲ್ಲವನ್ನೂ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ, "ಹಿಂದೇನೇ ಹೋಗಿ ಕೂತ್ಕೊಳ್ಳಿ. ಈ ಕಡೆ ನಾನಿದೀನಿ," ಎಂದರು.

ಹೀಗೆ ಡ್ರೈವರ್ ಹಿಂದಿನ ಸೀಟಿನ ಅಪ್ಪನಾದ. ಅದರ ಕಾನೂನೆಲ್ಲ ಚೂಟಿಯದೇ. ಮಾತು ಸಾಕೆನಿಸಿದಾಗ, "ಟಾಟಾ ಅಪ್ಪ," ಎಂದು ಸಂದಿಯೊಳಗೆ ಬೆರಳು ತೂರಿಸಿ ಅವನ ಮೂಗು ಒತ್ತುವಳು. ಒತ್ತಿದರೆ ಅವನು ಮಾಯವಾಗಬೇಕು. ಬಗ್ಗಿ, ಮೊಣಕಾಲಿಗೆ ತಲೆಯಿಟ್ಟು, ಉಸಿರು ಹಿಡಿದು ಕಾಯುವನು. ಮತ್ತೆ ಬೇಕೆನಿಸಿದಾಗ, "ಅಪ್ಪಾ!" ಎಂದು ಕೂಗು. ಅವನು ಥಟ್ಟನೆ ಹಾಜರು. ಅರ್ಧ ಗಂಟೆ ಕರೆಯದಿದ್ದರೆ ಅರ್ಧ ಗಂಟೆಯೂ ಹಾಗೇ ಬಗ್ಗಿಕೊಂಡಿದ್ದ. ಬೆನ್ನು ಮುರಿಯುವಂತೆ ನೋಯುತ್ತಿತ್ತು, ಎದ್ದು ಮೈಮುರಿಯಲು ಧೈರ್ಯವಿಲ್ಲ. ತಲೆ ಮೇಲೆ ಕಂಡರೆ ಮಾಮನಾಗಿಬಿಡುತ್ತಿದ್ದ.

ಅವಳು ನಿದ್ದೆ ಮಾಡಿದ್ದು ದಂತವೈದ್ಯೆಯ ತೊಡೆಯ ಮೇಲೆ. ಡ್ರೈವರ್ ಸಂದಿಯಿಂದ ನೋಡಿದ. ಮಗಳ ಒಂದು ಕಿವಿ ಕಾಣುತ್ತಿತ್ತು. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಹೆತ್ತ ತಂದೆ ಹಿಂದೆ ಕೂತಿದ್ದಾನೆ, ಹಲ್ಲು ಕೀಳುವ ಹೆಂಗಸಿನ ತೊಡೆ ಬೆಚ್ಚಗಾಗುತ್ತಿದೆ!

ಎದ್ದ ಮೇಲೆ ಹಸಿವು. ಅವನು ಬಿಸ್ಕತ್ತು ಮುರಿದು ಸಂದಿಯಲ್ಲಿ ತೂರಿಸಿದ. ಚೂಟಿ ಕಕ್ಕಾಬಿಕ್ಕಿಯಾದಳು. ಅಪ್ಪ ಬಿಸ್ಕತ್ತು ಕೊಡುವುದುಂಟೇ? ತೆಗೆದುಕೊಂಡಳು, ತಿಂದಳು. ಆಮೇಲೆ, ಊರಲ್ಲಿ ದಿನಾ ಸಂಜೆ ಫೋನಿನೊಳಗಿನ ಅಪ್ಪನ ಬಾಯಿಗೆ ತಿಂಡಿ ಒತ್ತುತ್ತಿದ್ದ ಹಾಗೆ, ಕಚ್ಚಿ ಒದ್ದೆಯಾದ ಚೂರೊಂದನ್ನು ಅವನತ್ತ ಚಾಚಿ, "ಅಪ್ಪ, ಆಮ್," ಎಂದಳು. ದಿನಾ ಅವನು ಖಾಲಿ ಬಾಯಿ ಅಲ್ಲಾಡಿಸುತ್ತಿದ್ದ. ಇವತ್ತು ಬಿಸ್ಕತ್ತು ನಿಜವಾಗಿ ಬಾಯಿಗೆ ಬಂತು. ಅದರ ಜೊತೆ ಎರಡು ಪುಟ್ಟ ಬೆರಳೂ ತುಟಿಗೆ ತಗಲಿದವು. ಚೂಟಿ ಬೆರಳನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡು, ಅದನ್ನೇ ನೋಡಿದಳು. ಅವನನ್ನು ನೋಡಿದಳು. ಇನ್ನೊಂದು ಚೂರು ಚಾಚಿದಳು.

ಡ್ರೈವರ್ ಆ ಬಿಸ್ಕತ್ತನ್ನು ನುಂಗಲಾರದೆ ನುಂಗಿದ. ಕಣ್ಣಲ್ಲಿ ದಳದಳ ನೀರು. ತಿಳಿಯುತ್ತಿದೆ ಅವಳಿಗೆ, ತಿಳಿದೇ ತಿಳಿಯುತ್ತದೆ ಎಂದುಕೊಂಡ. ಇನ್ನೊಂದು ಗಂಟೆ ಸಿಕ್ಕಿದ್ದರೆ ಸಾಕಿತ್ತು.

ಸಿಗಲಿಲ್ಲ. ಗಗನಸಖಿ ಬಂದು, "ಸರ್, ಇಳೀತಿದೀವಿ. ನಿಮ್ಮ ಸೀಟಿಗೆ ಬನ್ನಿ, ಮಗು ಪಕ್ಕ ನೀವೇ ಇರ್ಬೇಕು," ಎಂದಳು.

"ಇಲ್ಲೇ ಇರ್ತೀನಮ್ಮ. ನಾನು ಇಲ್ಲಿದ್ರೇನೇ ಅವಳು ನನ್ನ ಹತ್ರ ಇರ್ತಾಳೆ."

ಆ ಮಾತು ಅವಳಿಗೆ ಅರ್ಥವಾಗಲಿಲ್ಲ. "ಆಗಲ್ಲ ಸರ್," ಎಂದಳು.

ಅವನು ಸಂದಿಗೆ ಮುಖವಿಟ್ಟು, "ಚೂಟಿ, ನೋಡ್ತಾ ಇರು. ಅಪ್ಪ ಈ ಕಡೆಯಿಂದ ಸುತ್ತಿ ಅಲ್ಲಿಗೇ ಬರ್ತೀನಿ," ಎಂದ. ಮಾತಾಡುತ್ತಲೇ ಎದ್ದ, ಮಾತಾಡುತ್ತಲೇ ಮೂರು ಹೆಜ್ಜೆ ಸುತ್ತಿದ, ದಂತವೈದ್ಯೆಯನ್ನು ದಾಟಿ ಮಾತಾಡುತ್ತಲೇ ಕೂತು ಬೆಲ್ಟು ಹಾಕಿಕೊಂಡ. "ಬಂದೆ ನೋಡು. ಅಪ್ಪ ಬಂದೆ."

ಚೂಟಿ ಸಂದಿಯನ್ನು ನೋಡಿದಳು. ಖಾಲಿ. ಅವನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಹಣೆ, ಮೂಗು, ಗಡ್ಡಕ್ಕಂಟಿದ ಬಿಸ್ಕತ್ತಿನ ಪುಡಿ. ಅವಳ ಕೆಳತುಟಿ ನಡುಗಿತು. ಈ ಸಲ ಕಿರುಚಲಿಲ್ಲ. ಕಷ್ಟ ಹೇಳಿಕೊಳ್ಳಲು ಬೇರೆ ಯಾರೂ ಇಲ್ಲವೆಂಬ ಹಾಗೆ ಅವನಿಗೇ ಹೇಳಿದಳು.

"ಮಾಮ, ಅಪ್ಪ ಹೋದ."

ಅಷ್ಟರಲ್ಲಿ ವಿಮಾನ ಒಂದು ಸಲ ಗಡಗಡ ನಡುಗಿ ಕೆಳಕ್ಕೆ ಜಾರಿತು. ಕಿವಿ ನೋವಿಗೋ ಹೆದರಿಕೆಗೋ ಚೂಟಿ ಅವನ ತೋಳು ಹಿಡಿದಳು. ಇನ್ನೊಮ್ಮೆ ನಡುಗಿದಾಗ ಬೆಲ್ಟು ಬಿಟ್ಟಷ್ಟೂ ವಾಲಿ ಎರಡೂ ಕೈಯಿಂದ ಅವನ ಕುತ್ತಿಗೆ ತಬ್ಬಿಕೊಂಡು, ಭುಜದಲ್ಲಿ ಮುಖ ಹುದುಗಿಸಿದಳು.

"ನೋಡಿ, ಬಂದ್ಲಲ್ಲ ನಿಮ್ಮ ಹತ್ರ!" ಎಂದರು ದಂತವೈದ್ಯೆ. ಅವರಿಗೆ ನಿಜಕ್ಕೂ ಸಂತೋಷವಾಗಿತ್ತು.

ಡ್ರೈವರ್ ತಲೆಯಾಡಿಸಿದ. ಬಾಗಿಲ ಹತ್ತಿರ ಹೆಂಡತಿ ನಿಂತಿರುತ್ತಾಳೆ. ಇದನ್ನು ನೋಡಿ ಖುಷಿಗೆ ಅತ್ತುಬಿಡುತ್ತಾಳೆ. ನಾನೇ ಅಪ್ಪ ಎಂಬ ಮಾತು ಅವನ ಗಂಟಲವರೆಗೂ ಬಂದಿತ್ತು. ಆಡಿದರೆ ಈ ಎರಡು ಕೈ ಸಡಿಲವಾಗುತ್ತವೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಚಕ್ರ ನೆಲಕ್ಕೆ ಬಡಿಯಿತು. ಚೂಟಿ ತಲೆಯೆತ್ತದೆ, ಅವನ ಕಿವಿಯ ಹತ್ತಿರ, ಬಿಕ್ಕುತ್ತಾ ಕೇಳಿದಳು.

"ಮಾಮ, ಅಪ್ಪಂಗೆ ಕಾಲ್ ಮಾಡು."

ಅವನು ಮಗಳ ಬೆನ್ನ ಮೇಲೆ ಕೈಯಿಟ್ಟ. ಅವಳು ತಳ್ಳಲಿಲ್ಲ.

"ಮಾಡ್ತೀನಿ ಕಂದ," ಎಂದ. "ಮಾಮ ಮಾಡ್ತೀನಿ."